ಚೀಟಿಯಿಲ್ಲದ ಬಾಟಲಿಗಳು

"ನಿನ್ನೆನೂ ನಿದ್ದೆ ಬರ್ಲಿಲ್ಲ," ಎಂದ ಬೇಕರಿಯವನು. ದೂರು ಹೇಳಲು ಬಂದವನ ಮುಖದಲ್ಲಿ ಸಿಟ್ಟು ಮಾತ್ರ ದೀಪ ಹಚ್ಚಿ ಹುಡುಕಿದರೂ ಸಿಗುವಂತಿರಲಿಲ್ಲ.

ಇದು ಮೂರನೆಯ ಸಲ. ಊರು ಮಲಗಿರುವಾಗ ಹಿಟ್ಟು ನಾದಿ, ಊರು ಎದ್ದ ಮೇಲೆ ಮಲಗಲು ಹೋಗುವವನು ಅವನು. ಹಗಲು ಕಣ್ಣಿಗೆ ನಿದ್ದೆ ಹತ್ತುತ್ತಿಲ್ಲವೆಂದು ಎರಡು ವಾರದ ಹಿಂದೆ ಈ ಸುಗಂಧ ತೈಲದ ಅಂಗಡಿಗೆ ಬಂದಿದ್ದ. ಅಂಗಡಿ ನೋಡಿಕೊಳ್ಳುವ ಹುಡುಗಿ ನಿದ್ದೆ ಬರಲೆಂದು ಲ್ಯಾವೆಂಡರ್ ಎಣ್ಣೆ ಕೊಟ್ಟು ಕಳಿಸಿದ್ದಳು.

"ದಿಂಬಿಗೆ ಎಷ್ಟು ಹನಿ ಹಾಕಿದ್ರಿ?"

"ನೀವು ಹೇಳಿದಷ್ಟೇ, ಎರಡು."

"ಮೊಬೈಲ್ ನೋಡ್ತಾ ಮಲಗ್ತೀರೇನೋ."

"ಇಲ್ಲ, ಸೂರು ನೋಡ್ತಾ ಮಲಗ್ತೀನಿ."

ಅವಳಿಗೆ ನಗು ಬಂತು. ಅವನ ಕಣ್ಣು ಆ ನಗುವಿನ ಮೇಲೇ ಕೂತಿತು. ಅವಳು ಬೇಗ ಬೇರೆ ಕಡೆ ತಿರುಗಿದಳು. ನಗುವಿನ ಹಿಂದೆಯೇ ಅಳುಕೂ ಎದ್ದಿತ್ತು.

ಎರಡು ತಿಂಗಳ ಹಿಂದೆ ಬಂದ ಜ್ವರ ಹೋಗುವಾಗ ಸುಮ್ಮನೆ ಹೋಗಿರಲಿಲ್ಲ, ಅವಳ ಮೂಗಿಗೆ ವಾಸನೆಯೇ ತಿಳಿಯದಂತೆ ಮಾಡಿ ಹೋಗಿತ್ತು. ಅಂಗಡಿ ಸೋದರತ್ತೆಯದು. ಅತ್ತೆ ದೊಡ್ಡ ಬಾಟಲಿಗಳಿಗೆ ಎಂದೂ ಹೆಸರಿನ ಚೀಟಿ ಅಂಟಿಸಿದವಳಲ್ಲ. ಮುಚ್ಚಳ ತೆಗೆದು ಗುರುತು ಹಿಡಿಯಲಾರದವರಿಗೆ ಇಲ್ಲಿ ಕೆಲಸವಿಲ್ಲ ಎನ್ನುವುದು ಅವಳ ಕಟ್ಟಳೆ. ಮುಂದಿನ ತಿಂಗಳು ಅಣ್ಣನ ಮಗಳಾದ ಇವಳ ಕೈಗೇ ಅಂಗಡಿಯನ್ನು ಒಪ್ಪಿಸುವುದಾಗಿ ಅತ್ತೆ ಹೇಳಿದ ಮೇಲಂತೂ ಹುಡುಗಿ ಬಾಯಿಗೆ ಬೀಗ ಹಾಕಿಕೊಂಡಳು. ಯಾವ ಬಾಟಲಿ ಎಲ್ಲಿದೆ ಎಂಬ ನೆನಪಿನಲ್ಲೇ ದಿನ ದೂಡುತ್ತಿದ್ದಳು. ಮೇಲಿನ ಸಾಲಿನ ಮೂರನೆಯದು ಲ್ಯಾವೆಂಡರ್.

ಅಷ್ಟರಲ್ಲಿ ವಯಸ್ಸಾದ ಹೆಂಗಸೊಬ್ಬರು ಒಳಗೆ ಬಂದರು.

"ನಮ್ಮ ಯಜಮಾನರಿಗೆ ನಿದ್ದೆ ಇಲ್ಲಮ್ಮ. ಫಿಟ್ಸ್ ಬೇರೆ ಬರುತ್ತೆ. ಡಾಕ್ಟ್ರು ಲ್ಯಾವೆಂಡರ್ ಆದ್ರೆ ಪರವಾಗಿಲ್ಲ ಅಂದ್ರು."

ಅವಳು ಮೂರನೆಯ ಬಾಟಲಿಗೆ ಕೈ ಹಾಕಿದಳು. ಬೇಕರಿಯವನು ಹತ್ತಿರ ಸರಿದು, ಅವಳಿಗಷ್ಟೇ ಕೇಳುವಂತೆ ಹೇಳಿದ: "ಅದು ಬೇಡ. ಅದು ರೋಸ್‌ಮೇರಿ."

ಅವಳ ಕೈ ಅಲ್ಲೇ ನಿಂತಿತು. ರೋಸ್‌ಮೇರಿ ನಿದ್ದೆ ಓಡಿಸುವ ಎಣ್ಣೆ, ಫಿಟ್ಸ್ ಬರುವವರ ಹತ್ತಿರಕ್ಕೂ ಅದನ್ನು ಒಯ್ಯಬಾರದೆಂದು ಅತ್ತೆ ಮೊದಲ ವಾರವೇ ಕಲಿಸಿದ್ದಳು. ಅವಳು ಬಾಟಲಿಯನ್ನು ಇದ್ದಲ್ಲೇ ಬಿಟ್ಟು, "ಇವತ್ತು ಕೊಡೋಕಾಗಲ್ಲಮ್ಮ, ನಾಳೆ ಅತ್ತೆ ಇರ್ತಾರೆ, ಅವರ ಕೈಯಿಂದ್ಲೇ ತಗೊಳ್ಳಿ," ಎಂದಳು. ಹೆಂಗಸು ಹೊರಟುಹೋದರು.

"ಯಾವಾಗ ಗೊತ್ತಾಯ್ತು ನಿಮಗೆ?"

"ಮೊದಲ ದಿನಾನೇ. ದಿನಾ ಬ್ರೆಡ್ ಮೇಲೆ ಉದುರಿಸೋ ಎಲೆ ಅದು. ಎರಡನೇ ಸಲ ಬಂದಾಗ ನೀವು ಮೂಸಿ ನೋಡಿ, ಸರಿಯಾಗೇ ಇದೆಯಲ್ಲ ಅಂದ್ರಿ. ಆಗ ಮಿಕ್ಕಿದ್ದೂ ಗೊತ್ತಾಯ್ತು."

"ಗೊತ್ತಿದ್ದೂ ದಿಂಬಿಗೆ ಹಾಕ್ಕೊಂಡ್ರಾ?"

"ನೀವು ಕೊಟ್ಟಿದ್ದಲ್ವಾ. ಹೇಳಿದ್ರೆ ಬದಲಾಯಿಸಿ ಕೊಡ್ತಿದ್ರಿ. ನಿದ್ದೆ ಬಂದ್ಬಿಡ್ತಿತ್ತು. ಮತ್ತೆ ಇಲ್ಲಿಗೆ ಬರೋಕೆ ಏನು ನೆಪ?"

ಬೇರೆ ದಿನವಾಗಿದ್ದರೆ ಈ ಮಾತಿಗೆ ಅವಳು ಕರಗಿ ನೀರಾಗುತ್ತಿದ್ದಳು. ಈಗ ಸಂತೋಷ, ಸಿಟ್ಟು ಎರಡೂ ಒಟ್ಟಿಗೇ ಬಂದವು.

"ಆ ಅಮ್ಮ ನಿಮಗಿಂತ ಮೊದಲೇ ಬಂದು ಹೋಗಿದ್ರೆ?"

ಅವನ ಮುಖ ಸಪ್ಪಗಾಯಿತು. "ಅದು ಹೊಳೀಲೇ ಇಲ್ಲ. ತಪ್ಪಾಯ್ತು."

"ನಿಮ್ದು ಚಿಕ್ಕದು. ದೊಡ್ಡ ತಪ್ಪು ನಂದು."

ಆ ಬಾಟಲಿಯಿಂದ ಇನ್ನಿಬ್ಬರಿಗೆ ಎಣ್ಣೆ ಹೋಗಿತ್ತು. ಇಬ್ಬರಿಗೂ ಫೋನ್ ಮಾಡಿ, ಹಚ್ಚಬೇಡಿ, ವಾಪಸ್ ತನ್ನಿ ಎಂದಳು. ಮೂರನೆಯ ಫೋನ್ ಅತ್ತೆಗೆ.

ಅತ್ತೆ ಬಂದು, ಎಲ್ಲವನ್ನೂ ಕೇಳಿ, ಸ್ಟೂಲಿನ ಮೇಲೆ ಕೂತಳು.

"ಕಪಾಟು ಒರೆಸೋವಾಗ ಆ ಎರಡು ಬಾಟಲಿಗಳ ಜಾಗ ಬದಲಾಯಿಸಿದ್ದು ನಾನೇ ಕಣೆ. ಮೂಗಿದ್ದೋಳಿಗೆ ಜಾಗ ಯಾಕೆ ಹೇಳ್ಬೇಕು ಅಂದ್ಕೊಂಡೆ." ಆಮೇಲೆ ನಿಧಾನವಾಗಿ, "ವಾಸನೆ ಹೋಗಿದ್ದು ನಿನ್ನ ಕೈಲಿರ್ಲಿಲ್ಲ. ನನಗೆ ಹೇಳೋದು ನಿನ್ನ ಕೈಲೇ ಇತ್ತು. ನಾಳೆ ಡಾಕ್ಟರ ಹತ್ರ ಹೋಗೋಣ. ಅಂಗಡಿ ಮಾತು ಸದ್ಯಕ್ಕೆ ಬೇಡ," ಎಂದಳು.

ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಹುಡುಗಿಗೆ ದುಃಖವಾಯಿತು. ಆದರೂ ಎರಡು ತಿಂಗಳಿಂದ ಎದೆಯ ಮೇಲಿದ್ದ ಭಾರ ಇಳಿದಿತ್ತು.

ಬೇಕರಿಯವನು ಮನೆಗೆ ಹೋಗದೆ ಮೆಟ್ಟಿಲ ಮೇಲೆ ಕೂತಿದ್ದ. ಅವಳು ಹೊರಗೆ ಬಂದು ಪುಟ್ಟ ಬಾಟಲಿಯೊಂದನ್ನು ಕೊಟ್ಟಳು.

"ಇದು ನಿಜವಾದ ಲ್ಯಾವೆಂಡರ್. ಅತ್ತೆ ಮೂಸಿ ಕೊಟ್ಟಿದ್ದು."

ಅವನು ಮುಚ್ಚಳ ತೆಗೆದ.

"ಹೇಗಿದೆ?" ಎಂದಳು. ಅದರ ವಾಸನೆ ಹೇಗಿದೆಯೆಂದು ತಿಳಿಯುವುದು ಅವಳಿಗೆ ನಿಜಕ್ಕೂ ಬೇಕಿತ್ತು.

ಅವನು ಕಣ್ಣು ಮುಚ್ಚಿ ಯೋಚಿಸಿದ. "ಬಿಸಿಲಲ್ಲಿ ಒಣಗಿದ ಬಟ್ಟೆನ ಸಂಜೆ ಮಡಿಸ್ತೀವಲ್ಲ, ಹಾಗೆ."

"ಹೌದು, ಹಾಗೇ ಇತ್ತು," ಎನ್ನುವಾಗ ಅವಳ ಕಣ್ಣು ತುಂಬಿತು.

"ನಾನು ನಿದ್ದೆಗೋಸ್ಕರ ಬರ್ತಿರ್ಲಿಲ್ಲ. ನಿಮ್ಮನ್ನ ಕಂಡ್ರೆ ಇಷ್ಟ, ಅದಕ್ಕೆ ಬರ್ತಿದ್ದೆ. ನಾಳೆನೂ ಬರಬಹುದಾ?"

"ಬನ್ನಿ. ಆದ್ರೆ ನನ್ನ ತಪ್ಪು ಕಂಡ್ರೆ ಆವತ್ತೇ ಹೇಳ್ಬೇಕು, ನನಗೆ ಬೇಜಾರಾದ್ರೂ."

"ನೀವೂ ಹೇಳ್ಬೇಕು, ಮತ್ತೆ."

ಅವಳು ಅವನನ್ನೇ ನೋಡುತ್ತ ನಿಂತಳು.

"ನಿಮ್ಮ ಬಲಗಿವಿ ಹಿಂದೆ ಹಿಟ್ಟಿದೆ. ಬಂದಾಗೆಲ್ಲ ಇರುತ್ತೆ."

ಅವನು ಗಾಬರಿಯಾಗಿ ಕೈ ಎತ್ತಿದ. "ಮತ್ತೆ ಹೇಳ್ಲೇ ಇಲ್ಲ?"

"ಹೇಳಿದ್ರೆ ಒರೆಸ್ಕೊಂಡ್ಬಿಡ್ತಿದ್ರಿ," ಎಂದಳು ಅವಳು.