ಕೊನೆಯ ಹಾಳೆಗಳಿಲ್ಲದ ಪುಸ್ತಕ

ಗಾಂಧಿಬಜಾರಿನ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಚೂಡಾಮಣಿ ಕಾದಂಬರಿಯೊಂದರ ಬೆನ್ನಿಗೆ ಗೋಂದು ಹಚ್ಚುತ್ತಿದ್ದಳು. ಹಚ್ಚಿದಲ್ಲಿಗೇ ಮತ್ತೆ ಹಚ್ಚುತ್ತಿದ್ದಳು. ಭಾನುವಾರ ನಾಲ್ಕಕ್ಕೆ ಹುಡುಗನ ಕಡೆಯವರು ನೋಡಲು ಬರುತ್ತಾರೆಂದು ಅಣ್ಣ ವಾದಿರಾಜ ಬೆಳಿಗ್ಗೆ ಹೇಳಿದ್ದ. ಮೂವತ್ತನಾಲ್ಕು ತುಂಬಿದವಳನ್ನು ಯಾರೂ ‘ಏನಂತೀಯ’ ಎಂದು ಕೇಳುವುದಿಲ್ಲ.

“ಮೋಸ ಮಾಡಿದ್ರಿ ಕಣ್ರೀ!”

ಬಾಗಿಲಲ್ಲಿ ಮಧುಸೂದನ್. ತನ್ನ ಅಕ್ಕನ ಮಗಳು ದೀಪ್ತಿಗೆಂದು ವಾರವಾರವೂ ಪುಸ್ತಕ ಒಯ್ಯುವ ಕಾಲೇಜು ಮೇಷ್ಟ್ರು.

“ನಾನಾ? ಏನ್ ಮಾಡ್ದೆ?”

“ನೀವು ಕೊಟ್ಟಿದ್ರಲ್ಲ, ಆ ಹಕ್ಕಿಗಳ ರಾಜ್ಯದ ಪುಸ್ತಕ, ಅದು ಸಿನಿಮಾ ಆಗಿದೆ, ನಿನ್ನೆ ನೋಡಿದ್ವಿ. ಕೊನೇಲಿ ಹುಡುಗಿ ಮನೆಗೆ ವಾಪಸ್ ಬಂದ್ಬಿಡ್ತಾಳೆ! ದೀಪ್ತಿ ಥಿಯೇಟರಲ್ಲೇ ಎದ್ದು ನಿಂತು, ‘ಸುಳ್ಳು! ಚೂಡಾಮಣಿ ಆಂಟಿ ಹಾಗೆ ಹೇಳಿಲ್ಲ’ ಅಂತ ಕೂಗಿದ್ಲು. ನನ್ ಮರ್ಯಾದೆ ಹೋಯ್ತು.”

ಅವಳ ಕಿವಿ ಬಿಸಿಯಾಯಿತು. ಆ ಪುಸ್ತಕದ ಕೊನೆಯ ಹಾಳೆಗಳು ಎಂದೋ ಹರಿದುಹೋಗಿದ್ದವು. ಹರಿದಷ್ಟು ಕತೆಯನ್ನು ಓದುಗರಿಗೆ ಬಾಯಲ್ಲಿ ಹೇಳಿಕೊಡುವುದು ಅಂಗಡಿಯ ಪದ್ಧತಿ. ತಾನೇ ಓದಿರದ ಕೊನೆಯನ್ನು ಅವಳು ವರ್ಷಗಳಿಂದ ಧೈರ್ಯವಾಗಿ ಹೇಳುತ್ತ ಬಂದಿದ್ದಳು: ಹುಡುಗಿಗೆ ರೆಕ್ಕೆ ಮೂಡಿತು, ಅವಳು ಅಲ್ಲೇ ಉಳಿದಳು. ಬಸವನಗುಡಿಯ ಅರ್ಧ ಮಕ್ಕಳು ಅದನ್ನೇ ನಂಬಿದ್ದರು.

“ಹಾಳೆ ಇರ್ಲಿಲ್ಲ. ಏನೋ ಒಂದು ಹೇಳ್ಬೇಕಿತ್ತಲ್ಲ.”

“ಏನೋ ಒಂದಲ್ಲ ಅದು.” ಅವನ ಕಣ್ಣಲ್ಲಿ ತುಂಟತನವಿತ್ತು. “ಯಾಕ್ರೀ ಅವಳು ವಾಪಸ್ ಬರ್ಲಿಲ್ಲ?”

“ಬಂದ್ರೆ ಯಾರ್ ಮುಂದೇನೋ ಕಾಫಿ ಟ್ರೇ ಹಿಡ್ಕೊಂಡು ನಿಲ್ಬೇಕಲ್ಲ, ಅದಕ್ಕೆ.”

ಅವನ ನಗು ಅಲ್ಲಿಗೇ ನಿಂತಿತು.

“ಯಾವಾಗ?”

“ಭಾನುವಾರ. ನಾಲ್ಕಕ್ಕೆ.”

ಮಧುಸೂದನ್ ಕರ್ಚೀಫು ತೆಗೆದು, ಮೇಜಿನ ಮೇಲೆ ಚೆಲ್ಲಿದ್ದ ಗೋಂದನ್ನು ಒರೆಸತೊಡಗಿದ. ಅವನ ಬೆರಳು ಅವಳ ಬೆರಳಿನ ಹತ್ತಿರ ಬಂದು, ತಾಕದೆ, ಹಿಂದೆ ಸರಿಯಿತು.

“ನಂಗೆ ನಿಮ್ಮ ಕತೇನೇ ಇಷ್ಟ,” ಎಂದ, ಕತ್ತೆತ್ತದೆ. “ನೀವು ಹೇಳೋದನ್ನ ಕೇಳಕ್ಕೇ ನಾನಿಲ್ಲಿಗೆ ಬರ್ತಿದ್ದಿದ್ದು. ದೀಪ್ತಿ ಬರೀ ನೆಪ.”

ಹೊರಗೆ ಹೂವಿನವಳು ಮೊಳದ ಬೆಲೆ ಕೂಗುತ್ತಿದ್ದಳು. ಚೂಡಾಮಣಿ ಬ್ರಷ್ಷನ್ನು ಗೋಂದಿನ ಡಬ್ಬಿಯಲ್ಲೇ ಬಿಟ್ಟಳು.

“ಭಾನುವಾರ ಮ್ಯಾಟಿನಿಗೆ ಮತ್ತೆ ಹೋಗ್ತೀನಿ. ಒಬ್ನೇ. ಪಕ್ಕದ ಸೀಟು ನಿಮ್ಗೆ ಅಂತ ಇಟ್ಟಿರ್ತೀನಿ. ಬಲವಂತ ಇಲ್ಲ.”

ಪುಸ್ತಕ ತೆಗೆದುಕೊಳ್ಳುವುದನ್ನೂ ಮರೆತು ಅವನು ಮೆಟ್ಟಿಲಿಳಿದ.

ಸಂಜೆ ಅತ್ತಿಗೆ ಬೀರು ತೆರೆದು ಕೇಳಿದಳು, “ಭಾನುವಾರ ಯಾವ ಸೀರೆ ಉಡ್ತೀಯೇ?”

ಚೂಡಾಮಣಿ ಗಿಣಿಹಸಿರಿನ ಮೈಸೂರು ಸಿಲ್ಕ್ ಎಳೆದು ತೆಗೆದಳು. “ಇದು.”

“ಅಬ್ಬಾ, ನೀನಾಗೇ ಆರಿಸಿದ್ದು ಇದೇ ಮೊದ್ಲು!” ಅತ್ತಿಗೆಗೆ ಸಂಭ್ರಮವೋ ಸಂಭ್ರಮ.

ಅದನ್ನುಟ್ಟು ಎಷ್ಟು ಹೊತ್ತಿಗೆ ಮನೆ ಬಿಡಬೇಕು, ಯಾವ ಬಸ್ಸು ಹತ್ತಬೇಕು ಎಂಬುದನ್ನು ಮಾತ್ರ ಚೂಡಾಮಣಿ ಯಾರಿಗೂ ಹೇಳಲಿಲ್ಲ.