ಶನಿವಾರದ ಪಾಳಿ

ಡಾಕ್ಟರ್ ಅಮಸಿದ್ದಪ್ಪನವರ ಹೃದಯದ ಒಳಗನ್ನು ಅವರಿಗಿಂತ ಮೊದಲು ನೋಡಿದವಳು ನಾನು. ಆಂಜಿಯೋಗ್ರಾಮ್ ಪರದೆಯ ಮೇಲೆ ಮೂರು ಕಡೆ ರಕ್ತನಾಳ ದಾರದಷ್ಟು ಸಣ್ಣಗಾಗಿತ್ತು. ಮೂವತ್ತೊಂದು ವರ್ಷ ಅವರ ಪಕ್ಕ ನಿಂತು ಕತ್ತರಿ, ಸೂಜಿ ಕೊಟ್ಟ ನರ್ಸ್ ನಾನು. ಇದರ ಅರ್ಥ ಯಾರೂ ಹೇಳಬೇಕಿರಲಿಲ್ಲ.

“ಈ ವಾರದಾಗ ಬೈಪಾಸ್ ಮಾಡೂಣ್ರಿ ಸರ,” ಎಂದರು ಅವರ ಶಿಷ್ಯ ಡಾಕ್ಟರ್ ನವೀದ.

ಮಲಗಿದ್ದವರು ಕತ್ತು ತಿರುಗಿಸಿ ನನ್ನನ್ನು ನೋಡಿದರು. “ಸಿಸ್ಟರ್, ಪಾಳಿಯೊಳಗ ಎಷ್ಟ ಮಂದಿ ಅದಾರ್ರಿ?”

“ಐವತ್ತೆರಡು.”

“ಹಂಗಾರ ನನ್ನ ಹೆಸರ ಐವತ್ಮೂರನೇದ್ದು ಬರಕೋರಿ.”

ಕೇಳಿ ಮೈಯೆಲ್ಲ ಉರಿದುಹೋಯಿತು.

ಮೂವತ್ತೊಂದು ವರ್ಷದ ಹಿಂದೆ, ಎದೆ ತೆರೆಯುವ ಆಪರೇಷನ್‌ಗೆ ನಮ್ಮ ಕಡೆಯವರು ದೂರದ ಊರುಗಳಿಗೆ ಅಲೆಯುತ್ತಿದ್ದ ಕಾಲವದು. ಕುರಿ ಕಾಯುವವರ ಮನೆಯ ಈ ಮಗ ಮುಂಬಯಿಯ ದೊಡ್ಡ ಕೆಲಸ ಬಿಟ್ಟು ಬಂದು, ಗಳಿಸಿದ್ದನ್ನೆಲ್ಲ ಸುರಿದು, ಕಮತಗಿಯ ಆಚೆ ರಸ್ತೆ ಬದಿಗೆ ಈ ಧರ್ಮದ ದವಾಖಾನೆ ಕಟ್ಟಿದರು. ಅವರ ಕಾಯ್ದೆ ಸರಳ. ಕುಸಿದು ಬಿದ್ದು ಬಂದವರಿಗೆ ಆ ಕ್ಷಣವೇ ಆಪರೇಷನ್, ನಡೆದುಕೊಂಡು ಬಂದವರಿಗೆ ಪಾಳಿ. ಮಂತ್ರಿಯ ಫೋನಿಗೂ ಪಾಳಿ ಮುರಿದಿಲ್ಲ. ಆ ಪಾಳಿ ಪುಸ್ತಕ ಇರುವುದು ನನ್ನ ಕೈಯಲ್ಲಿ.

“ಐವತ್ಮೂರನೇ ಪಾಳಿ ಬರಾಕ ಮೂರ ತಿಂಗಳ ಬೇಕು,” ಎಂದರು ನವೀದ, ಹೊರಗೆ ಬಂದ ಮೇಲೆ. “ಅಲ್ಲೀತನಕ ಸರ ಉಳಿಯೂದಿಲ್ರಿ ಸಿಸ್ಟರ್. ಹದಿನೈದ ದಿನಾ ಅಂದ್ರನ ಭಾಳ.”

ಬೇರೆ ಊರಿನಲ್ಲಾದರೂ ಮಾಡಿಸಿಕೊಳ್ಳಿ ಎಂದು ನಾನೇ ಹೋಗಿ ಹೇಳಿದೆ.

“ನಾ ಬ್ಯಾರೆ ಕಡೆ ಹೋದ್ರ, ನನ್ನ ನಂಬಿ ಇಲ್ಲಿ ಎದಿ ಕೊಟ್ಟವರು ಏನ ತಿಳಕೋಬೇಕ್ರಿ?”

ಊರಿಗೆಲ್ಲ ಹೃದಯ ರಿಪೇರಿ ಮಾಡಿದ ಈ ಮನುಷ್ಯನಿಗೆ ತಲೆ ಒಂದು ಸರಿಯಿಲ್ಲ ಎಂದು ನಾನು ಎಂದೋ ತೀರ್ಮಾನಿಸಿದ್ದೆ. ಅದನ್ನು ತೀರ್ಮಾನಿಸಿದ ದಿನವೂ ನೆನಪಿದೆ. ಮೊದಲ ಆಪರೇಷನ್ ಗೆದ್ದು ಹುನಗುಂದಕ್ಕೆ ಹೊರಟಿದ್ದೆವು. ಅಮೀನಗಡದಲ್ಲಿ ಬಸ್ಸು ನಿಂತಾಗ ಅವರು ಇಳಿದು ಕರದಂಟು ತಂದು, ಮುರಿದು, ದೊಡ್ಡ ತುಂಡು ನನಗೆ ಕೊಟ್ಟರು. “ಸುನಂದಾ, ಈ ಪಾಳಿ ಒಂದ ಮುಗೀಲಿ. ನಿಮಗ ಒಂದ ಮಾತ ಕೇಳೂದೈತಿ,” ಎಂದವರು ಕಿಟಕಿಯ ಹೊರಗೆ ನೋಡುತ್ತ ಕುಳಿತರು. ಕಿವಿ ಮಾತ್ರ ಕೆಂಪಾಗಿತ್ತು.

ಅಂದು ಪಾಳಿಯಲ್ಲಿದ್ದವರು ಹನ್ನೊಂದು ಜನ. ಎಷ್ಟು ದಿನದ ಮಾತು, ಕಾದರಾಯಿತು ಎಂದುಕೊಂಡೆ. ಹನ್ನೊಂದು ನಲವತ್ತಾಯಿತು, ನೂರಾಯಿತು. ಮನೆಯವರು ತೋರಿಸಿದ ಗಂಡುಗಳಿಗೆಲ್ಲ ಏನೋ ಒಂದು ಕೊಂಕು ಹುಡುಕಿದೆ. ಈಗ ನನಗೆ ಅರವತ್ತು, ಈ ತಿಂಗಳ ಕೊನೆಗೆ ನಿವೃತ್ತಿ. ಅವರಿಗೆ ಅರವತ್ತಾರು. ಆ ಮಾತು ಇನ್ನೂ ಬಂದಿರಲಿಲ್ಲ, ಅವರೇ ಹೊರಟು ನಿಂತಿದ್ದರು.

ಗುರುವಾರ ಬೆಳಿಗ್ಗೆ ದವಾಖಾನೆಯ ಕಾಯ್ದೆಗಳನ್ನು ತೆಗೆದು ಒಂದೊಂದೇ ಓದಿದೆ. ಏಳನೆಯದನ್ನು ಎರಡು ಸಲ ಓದಿದೆ. ನೇರ ಅವರ ಕೋಣೆಗೆ ನಡೆದೆ.

“ಸರ, ಶನಿವಾರ ಯಾರ ಪಾಳಿ?”

“ಸಿಬ್ಬಂದಿ ಮನಿಯವರದು. ಗಂಡ, ಹೆಂಡ್ತಿ, ಮಕ್ಕಳು. ನಾನ ಬರದದ್ದಲ್ಲೇನ್ರಿ? ನಾ ಸಿಬ್ಬಂದಿ ಅಲ್ಲ ಮತ್ತ, ಪಗಾರ ತಗೊಳ್ಳೂದಿಲ್ಲ.”

“ನೀವು ತಗೊಳ್ಳೂದಿಲ್ಲ. ನಾ ತಗೋತೇನಿ. ನಾಡದು ಶನಿವಾರ ಖಾಲಿ ಐತಿ. ನಾ ಕೆಲಸದಾಗ ಇರೂ ಕಡೀ ಶನಿವಾರ.”

ಅವರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡು ನನ್ನನ್ನು ಹೊಸದಾಗಿ ನೋಡುವಂತೆ ನೋಡಿದರು.

“ಅಂದ್ರ?”

“ನಾಳೆ ನನ್ನ ಮದುವಿ ಆಗ್ರಿ.”

ಕಿವಿ ಕೆಂಪಾಯಿತು, ಅದೇ ಹಳೆಯ ಕೆಂಪು. ಆಮೇಲೆ ಮುಖ ಕಳೆಗುಂದಿತು. “ಜೀವ ಉಳಸಾಕ ಮದುವಿಯೇನ್ರಿ? ನಿಮ್ಮ ದಯಾ ನನಗ ಬ್ಯಾಡ ಸಿಸ್ಟರ್.”

“ದಯಾ?” ನನ್ನ ದನಿ ವಾರ್ಡಿಗೆಲ್ಲ ಕೇಳಿಸಿರಬೇಕು. “ಕರದಂಟ ಕೊಟ್ಟ ಕಾಯಾಕ ಹಚ್ಚಿದ್ರಿ. ಮೂವತ್ತೊಂದ ವರ್ಷ ಕಾದೇನಿ. ದಯಾಕ್ಕ ಯಾರರ ಇಷ್ಟ ವರ್ಷ ಕಾಯ್ತಾರೇನ್ರಿ? ನನಗ ನೀವು ಬೇಕು. ಜೀವಂತ ಬೇಕು!”

ಅವರು ಕನ್ನಡಕವನ್ನು ಮತ್ತೆ ತೆಗೆದು ಕೈಯಲ್ಲೇ ಹಿಡಿದುಕೊಂಡರು.

“ಪಾಳಿ ಮುಗೀದ ಕೇಳಬಾರದಂತ ಸುಮ್ಮನಿದ್ದೆ,” ಎಂದರು ಕೊನೆಗೆ, ಮೆಲ್ಲಗೆ. “ಅದು ಮುಗೀಲೇ ಇಲ್ಲ.”

“ಮುಗಿಯೂದೂ ಇಲ್ಲ. ಅದಕ್ಕ ನಾನ ಕೇಳಾಕ ಬಂದೇನಿ.”

ಶುಕ್ರವಾರ ಕೂಡಲಸಂಗಮದಲ್ಲಿ ಮದುವೆ. ನನ್ನ ಅಣ್ಣ ಅಂದಾನಪ್ಪ ಒಂದೇ ಪ್ರಶ್ನೆ ಕೇಳಿದ: “ಇಷ್ಟ ತಡಾ ಯಾಕವಾ?” ಮೂವತ್ತು ವರ್ಷ ಟ್ರಂಕಿನಲ್ಲಿ ಮಡಿಸಿಟ್ಟಿದ್ದ ಇಳಕಲ್ ಸೀರೆ ಉಟ್ಟಿದ್ದೆ. ಬಿಳಿ ಸಮವಸ್ತ್ರದ ಹೊರತು ಅವರು ನನ್ನನ್ನು ನೋಡಿದ್ದೇ ಕಡಿಮೆ. ಕೆಂಪು ಸೆರಗನ್ನು ನೋಡಿದರು, ಮುಖವನ್ನು ನೋಡಿದರು, ಮತ್ತೆ ಸೆರಗಿಗೇ ಬಂದರು.

“ಹಂಗ ನೋಡಬ್ಯಾಡ್ರಿ, ಎದಿಬಡಿತ ಏರ್ತೈತಿ.”

“ಏರಲಿ ಬಿಡು.”

‘ಬಿಡ್ರಿ’ ಎನ್ನಲಿಲ್ಲ, ‘ಬಿಡು’ ಎಂದರು. ಆ ಒಂದು ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿಟ್ಟುಕೊಂಡು ಬಂದೆ.

ಮರಳುವಾಗ ಆಂಬುಲೆನ್ಸ್ ಡ್ರೈವರ್ ಚಮನಸಾಬ ಸೈರನ್ ಹಾಕಿದ. ಇವರು ಗದರಿದರು: “ಪೇಶಂಟ ಇಲ್ಲದ ಸೈರನ್ ಹಾಕಬಾರದು ಅಂತ ಹೇಳಿಲ್ಲೇನು?”

“ಪೇಶಂಟ ನೀವ ಅದೀರಲ್ರಿ ಸಾಹೇಬ್ರ!”

ಶನಿವಾರ ಥಿಯೇಟರ್ ಬಾಗಿಲಲ್ಲಿ ನವೀದ ನನ್ನನ್ನು ತಡೆದರು. ರೋಗಿಯ ಮನೆಯವರು ಒಳಗೆ ಬರುವಂತಿಲ್ಲ. ಅದೂ ನನ್ನ ಗಂಡನದೇ ಕಾಯ್ದೆ. ಮೊದಲ ಬಾರಿಗೆ ಹೊರಗಿನ ಬೆಂಚಿನ ಮೇಲೆ ಕುಳಿತೆ. ಎಷ್ಟೊಂದು ಜನರಿಗೆ “ಧೈರ್ಯಾ ತಗೋರಿ” ಎಂದು ಹೇಳಿ ಬಾಗಿಲು ಹಾಕಿಕೊಂಡಿದ್ದೆ! ಆ ಮಾತು ಎಷ್ಟು ಹಗುರ ಎಂದು ಐದು ಗಂಟೆಗಳಲ್ಲಿ ತಿಳಿಯಿತು.

ಬಾಗಿಲು ತೆರೆದು ನವೀದ ಮಾಸ್ಕ್ ಕೆಳಗಿಳಿಸಿದರು. ನಗುತ್ತಿದ್ದರು. “ಚಲೋ ಬಡಕೊಳ್ಳಾಕತ್ತೈತ್ರಿ, ಸಿಸ್ಟರ್.” ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ.

ಮರುದಿನ ಅವರು ಪೂರ್ತಿ ಎಚ್ಚರಾದಾಗ ಪಾಳಿ ಪುಸ್ತಕ ಹಿಡಿದು ಪಕ್ಕದಲ್ಲಿದ್ದೆ. ಐವತ್ಮೂರನೆಯ ಹೆಸರನ್ನು ಆಗಷ್ಟೇ ಹೊಡೆದುಹಾಕಿದ್ದೆ.

“ಸುನಂದಾ,” ಎಂದರು ಒಣಗಿದ ಗಂಟಲಲ್ಲಿ. “ಆ ಮಾತ ನಾ ಕೇಳಲೇ ಇಲ್ಲ. ನೀನ ಕೇಳಿದಿ.”

“ಈಗ ಕೇಳ್ರಿ.”

“ನನ್ನ ಮದುವಿ ಆಗ್ತೀಯೇನು?”

“ತಡೀರಿ. ಪಾಳಿ ನೋಡಿ ಹೇಳ್ತೇನಿ.” ಗಂಭೀರವಾಗಿ ಪುಸ್ತಕದ ಪುಟ ತಿರುವಿದೆ. ಅವರ ಕಿವಿ ಕೆಂಪಾಗುವವರೆಗೂ ತಿರುವಿದೆ. ಆಮೇಲೆ ಪುಸ್ತಕ ಮುಚ್ಚಿ ಅವರ ಕೈ ಹಿಡಿದುಕೊಂಡೆ.

“ನಿಮ್ಮ ಮುಂದ ಯಾರೂ ಇಲ್ರಿ,” ಎಂದೆ. “ಯಾವತ್ತೂ ಇರಲಿಲ್ಲ.”