ಮಗ್ಗ ನಿಂತಾಗ ಹೇಳು

ಪಾತ್ರೆಯ ಸ್ಟ್ಯಾಂಡಿನ ಮೇಲಿದ್ದ ಅಪ್ಪನ ಸ್ಟೀಲ್ ಲೋಟ ಗಡಗಡ ನಡುಗಿ ನೆಲಕ್ಕೆ ಬಿದ್ದಾಗ ನನ್ನ ಪಿತ್ತ ನೆತ್ತಿಗೇರಿತು. ಮೇಲಿನ ಖೋಲಿಯ ಬಾಡಿಗೆದಾರ ಮತ್ತೆ ಗಿಟಾರ್ ಹಿಡಿದಿದ್ದ. ದಡದಡ ಮೆಟ್ಟಿಲು ಹತ್ತಿ ಬಾಗಿಲು ಬಡಿದೆ.

"ನಮ್ಮ ಮನಿ ನಿಮಗ ಮದುವಿ ಮಂಟಪ ಕಂಡಂಗ ಕಾಣತೈತೇನ್ರಿ?"

ಮಾಳು ನೆಲದ ಮೇಲೆ ಕೂತು, ಗಿಟಾರಿನ ಸದ್ದು ಏರಿಸುವ ಆಂಪಿನ ಗುಂಡಿ ತಿರುಗಿಸುತ್ತಿದ್ದ. ಬನಹಟ್ಟಿಯ ಪೋಸ್ಟ್ ಆಫೀಸಿನಲ್ಲಿ ಕ್ಲಾರ್ಕ್, ಅವತ್ತು ರಜೆ. ಊರು ರನ್ನ ಬೆಳಗಲಿ. ಎದುರಿಗೆ ನಾನು ರೀ ರೀ ಅನ್ನುತ್ತಿದ್ದೆ. ಮನಸ್ಸಿನಲ್ಲಿ ಯಾವತ್ತೋ 'ಅವನು' ಅಂದುಬಿಟ್ಟಿದ್ದೆ.

"ಸಣ್ಣಕ ಇಟ್ಟಿದ್ದೇರಿ, ಪೂನಮ್."

"ಸಣ್ಣಕ ಇಟ್ರ ಲೋಟ ಹಾರತಾವೇನ್ರಿ?"

"ಮಗ್ಗ ನಡದಾಗ ಹದಾ ಮಾಡಿದ್ದೆ. ಈಗ ಊಟಕ್ಕ ನಿಂತಾವು ಅನ್ನೂದು ಮರತ ಬಿಟ್ಟೆ."

ನಮ್ಮ ಮನೆಗೆ ಹೊಂದಿಕೊಂಡೇ ಅಪ್ಪನ ಕರೆಂಟ್ ಮಗ್ಗದ ಶೆಡ್ ಇದೆ. ಅವು ಓಡುವಾಗ ಆನೆ ಘೀಳಿಟ್ಟರೂ ಕೇಳುವುದಿಲ್ಲ. ಆ ಸದ್ದಿಗೆ ಸರಿಯಾಗಿ ಗುಂಡಿ ತಿರುಗಿಸಿಟ್ಟರೆ, ಮಗ್ಗ ನಿಂತ ಕೂಡಲೇ ಗೋಡೆ ನಡುಗದೆ ಇನ್ನೇನಾದೀತು.

"ಹಂಗಾದ್ರ ಸಣ್ಣ ಮಾಡ್ರಿ."

"ಮಾಡಿದ್ರ ಜೀವಾನ ಇರೂದಿಲ್ರಿ ಅದರಾಗ." ಒಂದು ತಂತಿ ಮೀಟಿ ತೋರಿಸಿದ. ಸೊಳ್ಳೆ ಗುಂಯ್‌ಗುಟ್ಟಿದಂತೆ ಕೇಳಿತು. "ಜಮಖಂಡಿ ಆರ್ಕೆಸ್ಟ್ರಾದವ್ರು ಮಾರಿದ ಆಂಪ್ ಇದು, ಬಯಲಾಗ ಬಾರಿಸೂದು. ನಮ್ಮಪ್ಪ ಬೀರಪ್ಪನ ಗುಡಿಯಾಗ ಡೊಳ್ಳು ಬಾರಿಸಿದ್ರ ಊರಿಗೆ ಊರ ಕೇಳತಿತ್ತು. ನಾ ಒಂದ ಖೋಲಿಗೆ ಕೇಳೂವಷ್ಟು ಬಾರಿಸಾಕ ಒದ್ದಾಡಾಕತ್ತೇನಿ."

"ಹೆಡ್‌ಫೋನ್ ಹಾಕ್ಕೊಳ್ರಿ. ಮುಗದ ಹೋತು."

"ಆಗ ನನಗಷ್ಟ ಕೇಳತೈತಿ."

"ಮತ್ಯಾರಿಗೆ ಕೇಳಬೇಕಾಗೇತ್ರಿ?"

ಅವನು ತಲೆ ತಗ್ಗಿಸಿ ತಂತಿ ಒರೆಸತೊಡಗಿದ. ಕಿವಿ ಕೆಂಪಾಗಿದ್ದವು. ಸಂಜೆ ಅವನು ನುಡಿಸುವಾಗ ನಾನು ಮಾಳಿಗೆಯ ಮೇಲೆ ಮಡಚಿದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಚುವುದು ಅವನಿಗೆ ಗೊತ್ತಿತ್ತೋ ಏನೋ.

ಅಷ್ಟರಲ್ಲಿ ಕೆಳಗಿಂದ ಅಪ್ಪ ಕೂಗಿದ. "ತಮ್ಮಾ, ಸಂಜಿ ಮಗ್ಗ ನಿಂತ ಮ್ಯಾಲೆ ಬಾರಿಸು. ನಾ ಭಾಂಡಿ ಮುಂದ ಕುಂತಿರ್ತೇನಿ. ಒಂದ ಭಾಂಡಿ ನಡುಗಿದ್ರ ನಾಳೆ ಖೋಲಿ ಖಾಲಿ ಮಾಡು."

ಮಗ್ಗದ ಸದ್ದಿಗೆ ಅಪ್ಪನ ಕಿವಿ ಅರ್ಧ ಹೋಗಿವೆ. ಆದರೆ ನಡುಗುವ ಪಾತ್ರೆ-ಭಾಂಡೆ ಕಣ್ಣಿಗೆ ಕಾಣುತ್ತದಲ್ಲ. ನಮ್ಮಪ್ಪ ಗುರುಪಾದಪ್ಪ ಒಮ್ಮೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡದ್ದನ್ನು ನಮ್ಮ ಓಣಿ ಕಂಡಿಲ್ಲ. ಬೈಯಲು ಹೋದವಳು ಬಾಗಿಲಲ್ಲೇ ನಿಂತೆ. ಈ ಖೋಲಿ ಖಾಲಿಯಾದರೆ ನಾನು ಯಾರಿಗಾಗಿ ಬಟ್ಟೆ ಮಡಚಲಿ?

ಆಂಪಿನ ಕಡೆ ನೋಡಿದೆ. ಬರಿ ನೆಲದ ಮೇಲೆ ಕೂತಿತ್ತು.

"ನಿಮ್ಮ ಮೊಣಕಾಲಿಗೆ ಕಿವಿ ಅದಾವೇನ್ರಿ? ಅದರ ದನಿ ಬರೂ ಮಾರಿ ಮೊಣಕಾಲಿನ ಕಡೆ ಐತಿ. ಕಿವಿಗೆ ಕೇಳವಲ್ದು ಅಂತ ನೀವು ಏರಿಸ್ತೀರಿ, ನೆಲಕ್ಕ ಬಡದದ್ದು ನಮ್ಮ ತಲಿ ಮ್ಯಾಲೆ ಬರತೈತಿ. ಕುರ್ಚಿ ಮ್ಯಾಲೆ ಇಡ್ರಿ. ಕೆಳಗ ಹಾಕಾಕ ಶೆಡ್ಡಿನ್ಯಾಗ ರಬ್ಬರ್ ಅದಾವು, ಮಗ್ಗದ ಕಾಲಿಗೆ ಹಾಕೂವು. ಬಂದು ಒಯ್ರಿ."

ಅವನು ಶೆಡ್ಡಿಗೆ ಬಂದಾಗ ಮಗ್ಗಗಳು ಮತ್ತೆ ಓಡುತ್ತಿದ್ದವು. ನಾನು ರಬ್ಬರ್ ತುಂಡು ಆರಿಸಿ ಅವನ ಕೈಗಿಟ್ಟೆ. ಬೆರಳು ಬೆರಳಿಗೆ ತಾಗಿದವು. ಅವನು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಆ ಗದ್ದಲದಲ್ಲಿ ಯಾರಿಗೂ ಕೇಳುವುದಿಲ್ಲ ಎಂಬ ಧೈರ್ಯದಿಂದ ಅವನು ನನ್ನ ಮುಖ ನೋಡುತ್ತ ನಿಧಾನಕ್ಕೆ ಹೇಳಿದ.

"ಖೋಲಿ ಹೋದ್ರ ಹೋಗ್ಲಿ ಪೂನಮ್. ನೀ ದಿನಾ ಕಾಣೂದಿಲ್ಲಲ್ಲ, ಅದನ್ನ ತಡಿಯಾಕ ಆಗೂದಿಲ್ಲ. ನೀ ಅಂದ್ರ ನನಗ ಜೀವ."

ಪಾಪ, ಹೊಲದ ಊರಿನವನು. ಮಗ್ಗದ ಮನೆಯವರು ಕಿವಿಯಿಂದ ಮಾತು ಕೇಳುವುದಿಲ್ಲ, ತುಟಿ ನೋಡಿ ತಿಳಿಯುತ್ತೇವೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ನಾನು ಕಲಿತದ್ದು ಅದನ್ನೇ. ಒಂದಕ್ಷರವೂ ನನಗೆ ತಪ್ಪಲಿಲ್ಲ.

ಸಂತೋಷದಿಂದ ಮುಖ ಆಚೆ ತಿರುಗಿಸಿದೆ. ತಿರುಗಿಸಬಾರದಿತ್ತು. ಆಚೆ ಮಗ್ಗದ ಹಿಂದೆ ಅಪ್ಪ ಹರಿದ ಎಳೆ ಹಿಡಿದು ನಿಂತಿದ್ದ. ಕೈ ಎಳೆಯ ಮೇಲಿತ್ತು, ಕಣ್ಣು ಮಾಳುವಿನ ಬಾಯಿಯ ಮೇಲೆ.

ಮಧ್ಯಾಹ್ನವೆಲ್ಲ ಅಪ್ಪ ಎಳೆ ಕಟ್ಟುತ್ತಲೇ ಇದ್ದ. ಚಹಾ ಕೊಟ್ಟರೆ ಕುಡಿದ. ಇನ್ನೊಂದು ಕಪ್ ಬೇಕಾ ಎಂದರೆ ಬೇಡ ಎಂದು ಕೈ ಆಡಿಸಿದ. ಬೈದಿದ್ದರೂ ಜೀವ ಹಗುರಾಗುತ್ತಿತ್ತು.

ಹೊತ್ತು ಇಳಿದು ಮಗ್ಗ ನಿಂತವು. ಅಪ್ಪ ಭಾಂಡೆಯ ಸ್ಟ್ಯಾಂಡಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತ. ನಾನು ಮೆಟ್ಟಿಲ ತುದಿಯಲ್ಲಿ ನಿಂತೆ. ಅಲ್ಲಿಂದ ಬಗ್ಗಿದರೆ ಅಪ್ಪ, ತಿರುಗಿದರೆ ಅವನು.

ಆಂಪ್ ಕುರ್ಚಿಯ ಮೇಲೆ ಅವನ ಕಿವಿಯ ಎತ್ತರಕ್ಕೆ ಕೂತಿತ್ತು. ಕೆಳಗೆ ರಬ್ಬರ್, ಅದರ ಕೆಳಗೆ ನಾನು ಕೊಟ್ಟ ಹಳೆ ಬಟ್ಟೆಯ ಕೌದಿ. ಒಟ್ಟು ಸದ್ದಿನ ಮಾಸ್ಟರ್ ಗುಂಡಿಯನ್ನು ಬಹಳ ಇಳಿಸಿದ, ದನಿ ತುಂಬಿಸುವ ಗೇನ್ ತುಸು ಏರಿಸಿದ, ನಡುಕ ಹುಟ್ಟಿಸುವ ಬೇಸ್ ಕಡಿಮೆ ಮಾಡಿದ. ನನ್ನ ಕಡೆ ನೋಡಿದ. ನಾನು ಕಣ್ಣಲ್ಲೇ 'ಹೂಂ' ಅಂದೆ.

ಮೊದಲ ತಂತಿ ಮೀಟಿದ. ಬಗ್ಗಿ ಕೆಳಗೆ ನೋಡಿದೆ. ತಟ್ಟೆ ಅಲುಗಲಿಲ್ಲ. ಎರಡನೆಯದು, ಮೂರನೆಯದು, ಆಮೇಲೆ ಇಡೀ ರಾಗ. ಸೊಳ್ಳೆಯ ಗುಂಯ್ ಎಲ್ಲೂ ಇರಲಿಲ್ಲ. ಬೆಲ್ಲದ ಪಾಕ ಹದಕ್ಕೆ ಬಂದಂತೆ ದನಿ ಎಳೆಯೆಳೆಯಾಗಿ, ಮೆತ್ತಗೆ, ತುಂಬಿ ಬರುತ್ತಿತ್ತು. ಖೋಲಿಯ ಹೊಸ್ತಿಲ ತನಕ ಬಂದು ನನ್ನ ಹತ್ತಿರ ನಿಂತುಬಿಡುತ್ತಿತ್ತು. ನನಗೆ ಅಳು ಬಂತು.

ಅಪ್ಪ ಎದ್ದು ಮೆಟ್ಟಿಲು ಹತ್ತಿ ಬಂದ.

"ಭಾಂಡಿ ಅಳ್ಳಾಡ್ಲಿಲ್ಲ," ಅಂದ. ಮಾಳು ನಿಟ್ಟುಸಿರು ಬಿಡುವಷ್ಟರಲ್ಲಿ ಮತ್ತೆ, "ಮಧ್ಯಾಹ್ನ ಶೆಡ್ಡಿನ್ಯಾಗ ನನ್ನ ಮಗಳಿಗೆ ಏನ ಅಂದಿ?"

"ರಬ್ಬರ್... ರಬ್ಬರ್ ಕೇಳಿದೆರಿ."

"ನಾವು ಮಗ್ಗದವ್ರು, ತಮ್ಮಾ. ತುಟಿ ಅಳ್ಳಾಡಿದ್ರ ಸಾಕು ನಮಗ. ಆಕಿಗೂ ತಿಳದೈತಿ, ನನಗೂ ತಿಳದೈತಿ."

ಮಾಳು ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

"ಸಪ್ಪಳದ ಮರೆಗೆ ನಿಂತು ಆಡೂ ಮಾತು ನನಗ ಸೇರೂದಿಲ್ಲ," ಅಂದ ಅಪ್ಪ. "ಈಗ ಮಗ್ಗ ನಿಂತಾವು. ಖರೆ ಇದ್ರ ಈಗ ಹೇಳು. ಇಲ್ಲಂದ್ರ ನಾಳೆ ಗಂಟು ಕಟ್ಟು."

ಓಣಿಯಲ್ಲಿ ಯಾರೋ ಸೈಕಲ್ ಸ್ಟ್ಯಾಂಡ್ ಹಾಕಿದ್ದು ಕೇಳಿಸಿತು. ಅವನು ಗಿಟಾರ್ ಕೆಳಗಿಟ್ಟು ಎದ್ದು ನಿಂತ. ಅಪ್ಪನ ಕಡೆಯಲ್ಲ, ನನ್ನ ಕಡೆ ತಿರುಗಿದ.

"ನೀ ಅಂದ್ರ ನನಗ ಜೀವ, ಪೂನಮ್. ಮದುವಿ ಆದ್ರ ನಿನ್ನನ್ನ. ನಿನಗ ಒಪ್ಪಿಗಿ ಐತೇನು?"

ಕೂಗಲಿಲ್ಲ. ಖೋಲಿಗಷ್ಟೇ ಕೇಳುವಷ್ಟಿತ್ತು. ಒಂದಕ್ಷರವೂ ನಡುಗಲಿಲ್ಲ.

ಇಷ್ಟು ದಿನ ಪಟಪಟ ಮಾತಾಡಿದ ನನ್ನ ತುಟಿ ಆಡಿತು, ದನಿ ಹೊರಡಲಿಲ್ಲ.

ಮಾಳು ಕಂಗಾಲಾಗಿ ನನ್ನ ಬಾಯಿಯನ್ನೇ ನೋಡಿದ. "ಏನಂದ್ರಿ? ನನಗ ತಿಳೀಲಿಲ್ಲ."

ನನ್ನ ತುಟಿ ನೋಡಿಕೊಂಡ ಅಪ್ಪ ಆಗಲೇ ಮೆಟ್ಟಿಲು ಇಳಿಯುತ್ತಿದ್ದ.

"ಹೂಂ ಅಂದ್ಲೋ ಹುಚ್ಚಾ," ಅಂದ ತಿರುಗದೆ. "ಬಾ ಕೆಳಗ, ನಿಮ್ಮಪ್ಪಗ ಫೋನ್ ಹಚ್ಚಿ ಕೊಡು. ಖೋಲಿ ಕೇಳಾಕ ಬಂದಾಗ ಡೊಳ್ಳಿನವ ಅಂದಿದ್ದಿ, ಜೋರಾಗಿ ಮಾತಾಡ್ತಾನ. ನನಗ ಕೇಳತೈತಿ."